ಪರರ ಅಂಗಡಿಯಲ್ಲಿ ಕಾಯಕ

ಕಾಯಕತತ್ತ್ವವನ್ನು ಬೋಧಿಸುವವರು ಬಹುಮಟ್ಟಿಗೆ ಸ್ವಂತ ವೃತ್ತಿಯನ್ನುಳ್ಳ ಶರಣರನ್ನೇ ನಿದರ್ಶನವಾಗಿ ಎತ್ತಿಕೊಳ್ಳುವುದು ರೂಢಿಯಾಗಿದೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆಯನ್ನು ಮಡಿಮಾಡಿದ ಮಾಚಿತಂದೆ, ಇವರೆಲ್ಲರ ಕೈಯಲ್ಲಿಯೂ ತಮ್ಮದೇ ಆದ ಉಪಕರಣವಿದ್ದಿತು. ಯಾವಾಗ ತೊಡಗಬೇಕು, ಯಾವಾಗ ನಿಲ್ಲಿಸಬೇಕು, ಮಾಡಿದ ಕೆಲಸಕ್ಕೆ ಎಷ್ಟು ಬೆಲೆ ಕೇಳಬೇಕು ಎಂಬ ನಿರ್ಣಯವೂ ಅವರದಾಗಿದ್ದಿತು. ಅಂತಹವರ ದುಡಿಮೆಯಲ್ಲಿ ಶಿವನನ್ನು ಕಾಣುವುದು ಕಷ್ಟವಲ್ಲ. ಆದರೆ ಇಂದು ಹಳ್ಳಿಯ ಮನೆಯಿಂದ ಹೊರಟು ದೊಡ್ಡ ಕಂಪನಿಯ ಸರಣಿ ಅಂಗಡಿಯನ್ನು ಸೇರುವ ತರುಣನಿಗೆ ಇವುಗಳಲ್ಲಿ ಒಂದೂ ಇಲ್ಲ. ಅಂಗಡಿ ಪರರದು, ಮಾಲು ಪರರದು, ಮೈಮೇಲಿನ ಅಂಗಿಯೂ ಪರರದು. ಗಿರಾಕಿಗೆ ಹೇಳಬೇಕಾದ ನಮಸ್ಕಾರದ ಮಾತನ್ನೂ ಪರರು ಬರೆದುಕೊಟ್ಟಿದ್ದಾರೆ. ಇಂತಹ ದುಡಿಮೆಯು ಕಾಯಕವಾಗಬಲ್ಲುದೆ?

ಇದು ಕೇವಲ ಪಂಡಿತರ ಚರ್ಚೆಗೆ ಬಿಡಬಹುದಾದ ಪ್ರಶ್ನೆಯಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯಲ್ಲಿರುವ ಇಜೇರಿಯಂತಹ ಗ್ರಾಮಗಳಲ್ಲಿ ಇದು ಮನೆಮನೆಯ ಪ್ರಶ್ನೆಯಾಗಿದೆ. ಜೋಳ, ತೊಗರಿ, ಹತ್ತಿ ಇವು ಆ ನೆಲದ ಬೆಳೆಗಳು. ಬಹುಪಾಲು ಮಳೆಯನ್ನು ನಂಬಿದ ಒಕ್ಕಲುತನ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಹಿಂದಿನಿಂದಲೂ ಇದ್ದದ್ದೇ. ಹಿಂದಿನ ತಲೆಮಾರಿನವರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗಿ ಕಲ್ಲುಮಣ್ಣು ಹೊತ್ತರು. ಈಗಿನ ಮಕ್ಕಳು ಹತ್ತೋ ಹನ್ನೆರಡೋ ತರಗತಿ ಓದಿದ್ದಾರೆ. ಅವರಿಗೆ ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಕಪಾಟು ತುಂಬುವ, ಬಿಲ್ಲು ಹಾಕುವ, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಸಿಗುತ್ತದೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ಬೇಳೆಯು ಪೊಟ್ಟಣವಾಗಿ ಮಹಾನಗರದ ಕಪಾಟಿನಲ್ಲಿ ಕುಳಿತಿರುವಾಗ, ಅದನ್ನು ಬೆಳೆದ ಸೀಮೆಯ ಹುಡುಗನೇ ಅದರ ಮುಂದೆ ನಿಂತು ಪೊಟ್ಟಣಗಳ ಸಾಲು ಸರಿಪಡಿಸುತ್ತಿರುವುದು ಅಪರೂಪವೇನಲ್ಲ. ಬಿತ್ತಿದ ತಂದೆಯೂ ಅದರ ಬೆಲೆಯನ್ನು ಕಟ್ಟಲಿಲ್ಲ. ಮಾರುವ ಮಗನೂ ಕಟ್ಟಲಿಲ್ಲ. ಬೆಲೆ ಕಟ್ಟಿದವನ ಮುಖವನ್ನು ಇಬ್ಬರೂ ಕಂಡಿಲ್ಲ.

ಪರರ ಕೈಕೆಳಗಿನ ದುಡಿಮೆಯು ಕಾಯಕವಲ್ಲವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಭಕ್ತಿಭಂಡಾರಿ ಬಸವಣ್ಣನವರು ಸ್ವತಃ ಪರರ ಭಂಡಾರದಲ್ಲಿ ದುಡಿದವರು. ಮಂಗಳವೇಢೆಯಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ತೊಡಗಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಅಧಿಕಾರಿಯಾದರೆಂದು ಪುರಾಣಗಳು ಹೇಳುತ್ತವೆ. ಆ ಹಣ ಅವರದಾಗಿರಲಿಲ್ಲ. ಬೀಗದ ಕೈ ಮಾತ್ರ ಅವರದು. ಅವರು ಅರಸನ ಧನವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂದು ಕೊಂಡೆಯರು ದೂರು ಒಯ್ದಾಗ ಭಂಡಾರವನ್ನು ತೆರೆಸಿ ಎಣಿಸಲಾಯಿತೆಂದೂ, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಕಥೆಯಿದೆ. ಈ ಕಥೆಯನ್ನು ಪವಾಡವೆಂದು ಓದುವವರೇ ಹೆಚ್ಚು. ಪವಾಡವನ್ನು ಪಕ್ಕಕ್ಕಿರಿಸಿ ಓದಿದರೆ ಉಳಿಯುವುದು ಒಬ್ಬ ನೌಕರನ ಅನುಭವ. ಯಜಮಾನನ ಸಂಶಯಕ್ಕೆ ಗುರಿಯಾಗಿ, ಹತ್ತು ಜನರ ಮುಂದೆ ಲೆಕ್ಕ ಒಪ್ಪಿಸಿ, ಶುದ್ಧನೆಂದು ಹೊರಬಂದ ನೌಕರನ ಅನುಭವ ಅದು. ಸಂಬಳಕ್ಕೆ ದುಡಿಯುವುದು ಕಾಯಕವಾಗದಿದ್ದರೆ ಕಲ್ಯಾಣದ ಮಹಾಮನೆಗೆ ಅಡಿಪಾಯವೇ ಇಲ್ಲದಂತಾಗುತ್ತದೆ. ಆದುದರಿಂದ ಉಪಕರಣ ಯಾರದು, ಅಂಗಡಿ ಯಾರದು ಎಂಬುದು ಕಾಯಕದ ಲಕ್ಷಣವನ್ನು ನಿರ್ಣಯಿಸುವುದಿಲ್ಲ.

ಹಾಗಾದರೆ ಯಾವುದು ನಿರ್ಣಯಿಸುತ್ತದೆ? ಇಲ್ಲಿಯೇ ಒಂದು ದೊಡ್ಡ ಮೋಸವು ಅಡಗಿದೆ. ಕಾಯಕವನ್ನು ಕೈಲಾಸಕ್ಕೆ ಸಮವೆಂದ ಶರಣರ ಮಾತು ಇಂದು ಬಹಳ ಜನರ ಬಾಯಲ್ಲಿದೆ. ಕಚೇರಿಯ ಗೋಡೆಗಳ ಮೇಲೆಯೂ ಇದೆ. ಆದರೆ ಅದನ್ನು ಬರೆಸಿದವನು ಯಾರು, ಓದಬೇಕಾದವನು ಯಾರು ಎಂಬುದನ್ನು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಬರೆಸಿದವನು ಸಂಬಳ ಕೊಡುವವನು. ಓದಬೇಕಾದವನು ಸಂಬಳ ಪಡೆಯುವವನು. ಇನ್ನೊಂದು ತಾಸು ಹೆಚ್ಚು ನಿಲ್ಲು, ಕೂಲಿಯನ್ನು ಕೇಳಬೇಡ, ದುಡಿಮೆಯೇ ನಿನಗೆ ಕೈಲಾಸ ಎಂಬ ಅರ್ಥದಲ್ಲಿ ಅದು ಬಳಕೆಯಾಗುತ್ತಿದೆ. ಶರಣರು ಹೇಳಿದ್ದು ಇದಲ್ಲ. ಕಾಯಕಕ್ಕೆ ದಾಸೋಹವೆಂಬ ಇನ್ನೊಂದು ರೆಕ್ಕೆಯಿದೆ. ಕಾಯಕವು ದುಡಿಯುವವನನ್ನು ಕಟ್ಟಿದರೆ, ದಾಸೋಹವು ಗಳಿಸಿದವನನ್ನು ಕಟ್ಟುತ್ತದೆ. ಒಂದನ್ನು ನೌಕರನಿಗೆ ಬೋಧಿಸಿ ಇನ್ನೊಂದನ್ನು ಒಡೆಯನಿಗೆ ಬೋಧಿಸದೆ ಬಿಡುವುದು ತತ್ತ್ವಕ್ಕೆ ಮಾಡಿದ ಅಪಚಾರ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದನು. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಇದು ಆಸೆಯ ಅಕ್ಕಿ, ಮರಳಿ ಅಲ್ಲಿಯೇ ಸುರಿದು ಬನ್ನಿ ಎಂಬರ್ಥದಲ್ಲಿ ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡವರಿಗೆ ತೃಪ್ತಿಯನ್ನು ಬೋಧಿಸಲು ಈ ಕಥೆಯನ್ನು ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಲಕ್ಕಮ್ಮ ತಡೆದದ್ದು ಯಾರನ್ನು? ಹಸಿದವನನ್ನಲ್ಲ, ಅಗತ್ಯಕ್ಕೆ ಮೀರಿ ಕೂಡಿಸಿದವನನ್ನು. ಇಂದು ಅಗತ್ಯಕ್ಕೆ ಮೀರಿ ಕೂಡಿಸುತ್ತಿರುವವನು ತಿಂಗಳ ಕೊನೆಯ ವಾರದಲ್ಲಿ ಕೋಣೆಯ ಬಾಡಿಗೆಗೆ ಪರದಾಡುವ ಹುಡುಗನಲ್ಲ. ಲಕ್ಕಮ್ಮನ ಮಾತು ಹೋಗಿ ಮುಟ್ಟಬೇಕಾದ ಬಾಗಿಲು ಬೇರೆಯೇ ಇದೆ. ಅಂತೆಯೇ ನುಲಿಯ ಚಂದಯ್ಯನು ಹಗ್ಗದ ಬೆಲೆಗೆ ಮೀರಿ ಬಂದ ಹೊನ್ನನ್ನು ಒಲ್ಲೆನೆಂದನು. ಹೆಚ್ಚು ಬೇಡವೆನ್ನುವ ಅವನ ಕೈಯಲ್ಲಿಯೇ ಕಡಿಮೆ ಸಲ್ಲದೆನ್ನುವ ಅಧಿಕಾರವೂ ಇದೆ. ಸರಿಯಾದ ಬೆಲೆಯೆಂಬುದು ಎರಡೂ ಕಡೆಗೆ ಒಂದೇ ತಕ್ಕಡಿ.

ಒಕ್ಕಲುತನದ ನಾಡಿನವರಿಗೆ ಇದನ್ನು ರಾಶಿಯ ಕಣದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕಣದಲ್ಲಿ ಜೋಳದ ರಾಶಿ ಬಿದ್ದಾಗ ಕೊಯ್ದವರು, ಬಡಿದವರು, ತೂರಿದವರು ಎಲ್ಲರೂ ಅದನ್ನು ಕಣ್ಣಾರೆ ಕಾಣುತ್ತಾರೆ. ಬಡಿಗನಿಗೆ, ಕಂಬಾರನಿಗೆ, ಕುಂಬಾರನಿಗೆ ಸಲ್ಲುವ ಆಯವನ್ನು ಅಳೆದು ಕೊಟ್ಟ ಬಳಿಕ ಉಳಿದದ್ದು ಒಕ್ಕಲಿಗನ ಮನೆಗೆ ಹೋಗುತ್ತಿತ್ತು. ಆ ಏರ್ಪಾಡಿನಲ್ಲಿ ಎಲ್ಲವೂ ಒಳ್ಳೆಯದಿತ್ತೆಂದು ಹೇಳುವಂತಿಲ್ಲ. ಕಣದ ಅಂಚಿನಲ್ಲಿ ದೂರ ನಿಂತು, ಸೆರಗೊಡ್ಡಿ ಕಾಳು ಪಡೆಯಬೇಕಾದವರೂ ಇದ್ದರು. ಅವರ ಅವಮಾನವನ್ನು ನೆನೆಯದೆ ಹಳ್ಳಿಯ ಹಿಂದಿನ ದಿನಗಳನ್ನು ಹೊಗಳುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಆದರೂ ರಾಶಿಯು ಎಲ್ಲರ ಕಣ್ಣಮುಂದಿತ್ತು ಎಂಬ ಒಂದು ಸಂಗತಿ ನಿಜ. ದೊಡ್ಡ ಕಂಪನಿಯ ಅಂಗಡಿಯಲ್ಲಿ ದುಡಿಯುವವನಿಗೆ ರಾಶಿಯೇ ಕಾಣುವುದಿಲ್ಲ. ಸಂಜೆ ಗಲ್ಲೆಯ ಲೆಕ್ಕ ಮುಗಿಯುವಷ್ಟರಲ್ಲಿ ಹಣವು ಎಲ್ಲಿಗೋ ಹೋಗಿರುತ್ತದೆ. ಅವನಿಗೆ ತಿಳಿಯುವುದು ತನ್ನ ಪಗಾರ, ತನ್ನ ಪಾಳಿ ಮತ್ತು ಈ ತಿಂಗಳಲ್ಲಿ ತಾನು ಮುಟ್ಟಬೇಕಾದ ಮಾರಾಟದ ಗುರಿ, ಇಷ್ಟೇ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಊರಿನ ಬಾವಿಕಟ್ಟೆಯಲ್ಲಿ, ಹೋಟೆಲಿನಲ್ಲಿ ಜಾತಿಯ ಹೆಸರಿನಿಂದ ದೂರವಿಡಲ್ಪಟ್ಟ ಮನೆತನದ ಹೆಣ್ಣುಮಗಳು ಬೆಂಗಳೂರಿನ ಮಳಿಗೆಯಲ್ಲಿ ಬಿಲ್ಲು ಹಾಕುವಾಗ, ಎದುರಿಗೆ ನಿಂತ ಗಿರಾಕಿಯು ಅವಳ ಕುಲವನ್ನು ಕೇಳುವುದಿಲ್ಲ. ಅವಳು ಮುಟ್ಟಿಕೊಟ್ಟ ಅಕ್ಕಿ ಬೇಳೆಗಳನ್ನು ಎಲ್ಲರೂ ಒಯ್ಯುತ್ತಾರೆ. ಪಗಾರವು ಅವಳ ಹೆಸರಿನ ಬ್ಯಾಂಕಿನ ಖಾತೆಗೆ ಬರುತ್ತದೆ. ಅದರಿಂದ ತಮ್ಮನ ಓದು ನಡೆಯುತ್ತದೆ. ನಾಲ್ಕಾರು ಭಾಷೆಗಳ ಜನರೊಡನೆ ವ್ಯವಹರಿಸುವ ಧೈರ್ಯ ಬರುತ್ತದೆ. ದೊಡ್ಡ ಅಂಗಡಿಯನ್ನು ಬರಿಯ ಶೋಷಣೆಯ ಗವಿಯೆಂದು ಬಣ್ಣಿಸುವವರು ಆ ಹುಡುಗಿಯನ್ನು ಒಮ್ಮೆ ಕೇಳಿ ನೋಡಬೇಕು. ಊರಿಗೆ ಮರಳಿ ಬಾ ಎಂದರೆ ಅವಳು ಬರಲಿಕ್ಕಿಲ್ಲ. ಆದುದರಿಂದಲೇ ಅವಳ ಕಷ್ಟಗಳನ್ನು ಹೆಚ್ಚು ಎಚ್ಚರದಿಂದ ಕೇಳಬೇಕಾಗಿದೆ. ಬಿಟ್ಟು ಬರಲಾಗದ ಕಡೆಯಲ್ಲಿ ಅನುಭವಿಸುವ ಕಷ್ಟವು ಹೊರಗೆ ಸುಲಭವಾಗಿ ಬಾರದು.

ಆ ಕಷ್ಟಗಳಲ್ಲಿ ಮೊದಲನೆಯದು ತೀರ ಸಣ್ಣದೆಂದು ಕಾಣುವಂಥದು: ನಿಲ್ಲುವುದು. ಬೆಳಗಿನಿಂದ ಪಾಳಿ ಮುಗಿಯುವತನಕ ಕಾಲ ಮೇಲೆಯೇ ನಿಂತಿರುವುದು. ಗಿರಾಕಿ ಇಲ್ಲದ ಮಧ್ಯಾಹ್ನದಲ್ಲಿಯೂ ಗೋಡೆಗೆ ಒರಗುವಂತಿಲ್ಲ, ಪೆಟ್ಟಿಗೆಯ ಮೇಲೆ ಕೂರುವಂತಿಲ್ಲ. ಕೂತರೆ ಮೈಗಳ್ಳತನವೆಂದು ಎಣಿಕೆಯಾಗುತ್ತದೆ. ನಿಂತು ನಿಂತು ಕಾಲು ಬಾತು, ನರಗಳು ಉಬ್ಬಿ ಗಂಟುಗಟ್ಟಿ, ಸೊಂಟ ಹಿಡಿದುಕೊಂಡ ಹೆಣ್ಣುಮಕ್ಕಳು ಪ್ರತಿ ಊರಿನ ಬಟ್ಟೆ ಅಂಗಡಿಗಳಲ್ಲಿ ಇದ್ದಾರೆ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದವರೂ ಇದ್ದಾರೆ. ಕೇರಳದ ಕೋಳಿಕೋಡಿನಲ್ಲಿ ಮಿಠಾಯಿ ತೆರುವು ಎಂಬ ಪ್ರಸಿದ್ಧ ಬಜಾರಿದೆ. ಅಲ್ಲಿಯ ಅಂಗಡಿಗಳ ಹೆಂಗಸರು ಈ ಎರಡನ್ನೇ ಎತ್ತಿಕೊಂಡು ಹೋರಾಡಿದರು: ಶೌಚಕ್ಕೊಂದು ಸ್ಥಳ ಬೇಕು, ಕೂರುವುದಕ್ಕೊಂದು ಆಸನ ಬೇಕು. ವಿಜಿ ಎಂಬ, ತಾವೇ ಹೊಲಿಗೆ ಕೆಲಸ ಮಾಡುತ್ತಿದ್ದ ಮಹಿಳೆಯ ಮುಂದಾಳುತನದಲ್ಲಿ ಪೆಣ್‌ಕೂಟ್ಟು ಎಂಬ ಸಂಘಟನೆಯು ವರ್ಷಗಟ್ಟಲೆ ಈ ಬೇಡಿಕೆಯನ್ನು ಬಿಡದೆ ಹಿಡಿಯಿತು. ಕೊನೆಗೆ ೨೦೧೮ರಲ್ಲಿ ಕೇರಳ ಸರ್ಕಾರವು ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು, ದುಡಿಯುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಬರೆದುಕೊಟ್ಟಿತು. ೨೦೨೧ರಲ್ಲಿ ತಮಿಳುನಾಡೂ ಅದೇ ದಾರಿಯಲ್ಲಿ ನಡೆಯಿತು.

ಕೂರುವುದಕ್ಕೂ ಕಾಯಿದೆಯೆ ಎಂದು ನಗುವವರುಂಟು. ಅವರಿಗೆ ಇದು ಹೊಸದೆಂದು ತೋರಬಹುದು, ಹೊಸದಲ್ಲ. ಇಂಗ್ಲೆಂಡಿನಲ್ಲಿ ೧೮೯೯ರಷ್ಟು ಹಿಂದೆಯೇ, ಅಂಗಡಿಯಲ್ಲಿ ದುಡಿಯುವ ಪ್ರತಿ ಮೂವರು ಹೆಂಗಸರಿಗೆ ಒಂದು ಆಸನವಾದರೂ ಇರಲೇಬೇಕೆಂದು ಕಾಯಿದೆ ಮಾಡಿದ್ದರು. ಭಾರತದಲ್ಲಿ ೧೯೪೮ರ ಕಾರ್ಖಾನೆ ಕಾಯಿದೆಯು, ನಿಂತೇ ಕೆಲಸ ಮಾಡಬೇಕಾದವರಿಗೆ ನಡುನಡುವೆ ಕೂರಲು ಏರ್ಪಾಡು ಇರಬೇಕೆಂದು ಹೇಳಿತ್ತು. ಯಂತ್ರದ ಮುಂದೆ ನಿಂತವನಿಗೆ ಸಿಕ್ಕ ಆಸನವು ಸೀರೆ ಬಿಚ್ಚಿ ತೋರಿಸುವವಳಿಗೆ ಸಿಗಲು ಎಪ್ಪತ್ತು ವರ್ಷ ಹಿಡಿಯಿತು. ಅದೂ ಒಂದೆರಡು ರಾಜ್ಯಗಳಲ್ಲಿ.

ಆಸನದ ಮಾತನ್ನು ಶರಣಪರಂಪರೆಯವರು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅನುಭವಮಂಟಪದ ಹಿರಿಮೆ ಯಾವುದರಲ್ಲಿದೆ? ಅಲ್ಲಿ ಗಹನವಾದ ತತ್ತ್ವಚರ್ಚೆ ನಡೆಯಿತು ಎಂಬುದರಲ್ಲಿ ಮಾತ್ರವೇ? ತತ್ತ್ವಚರ್ಚೆ ಅದಕ್ಕೂ ಮೊದಲು ಎಷ್ಟೋ ಅಗ್ರಹಾರಗಳಲ್ಲಿ, ಆಸ್ಥಾನಗಳಲ್ಲಿ ನಡೆದಿತ್ತು. ಸಮಗಾರ ಹರಳಯ್ಯನೂ ಮಂತ್ರಿ ಮಧುವರಸನೂ, ಮೇದಾರ ಕೇತಯ್ಯನೂ ಭಂಡಾರಿ ಬಸವಣ್ಣನೂ ಒಂದೇ ಸಾಲಿನಲ್ಲಿ ಕುಳಿತರು ಎಂಬುದೇ ಕಲ್ಯಾಣದ ಹೊಸತನ. ಯಾರ ಮುಂದೆ ಯಾರು ಕೂರಬಹುದು, ಯಾರ ಮುಂದೆ ಯಾರು ನಿಂತಿರಬೇಕು ಎಂಬುದರಲ್ಲಿಯೇ ಮೇಲುಕೀಳಿನ ಸಮಸ್ತ ಶಾಸ್ತ್ರವೂ ಅಡಗಿದೆಯೆಂದು ಶರಣರು ಬಲ್ಲವರಾಗಿದ್ದರು. ಊರಗೌಡನ ಕಟ್ಟೆಯ ಮುಂದೆ ಹೊರಸಿನ ಮೇಲೆ ಕೂತದ್ದಕ್ಕೆ ಏಟು ತಿಂದವರ ನೆನಪು ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಹೀಗಿರುವಾಗ, ಗಾಜಿನ ಬಾಗಿಲಿನ, ತಂಪು ಗಾಳಿಯ ಹೊಸ ಮಳಿಗೆಯೊಳಗೆ ನಿಂತಿರಬೇಕಾದವರು ಮತ್ತು ಕೂರಬಹುದಾದವರು ಎಂಬ ಹಳೆಯ ಭೇದವೇ ಮತ್ತೆ ತಲೆಯೆತ್ತಿದರೆ, ಅದನ್ನು ವ್ಯಾಪಾರದ ಶಿಸ್ತು ಎಂದು ಒಪ್ಪಿಕೊಳ್ಳಬಹುದೆ? ದೇಹವನ್ನೇ ದೇಗುಲವಾಗಿ ಕಂಡವರು ಅಣ್ಣನವರು. ಆ ದೇಗುಲದ ಕಂಬಗಳು ಊದಿಕೊಂಡು ನೋಯುತ್ತಿರುವಾಗ, ಎದುರಿಗೆ ಮೆತ್ತನೆಯ ಪೀಠದಲ್ಲಿ ಕೂತು ಇನ್ನೊಂದು ಸೀರೆ ತೋರಿಸು ಎನ್ನುವ ಗಿರಾಕಿಯು ಹಣೆಯಲ್ಲಿ ವಿಭೂತಿ ಧರಿಸಿದ ಭಕ್ತನೇ ಆಗಿರಬಹುದು.

ಎರಡನೆಯ ಕಷ್ಟವು ಸಂಶಯದ್ದು. ಪಾಳಿ ಮುಗಿಸಿ ಹೊರಡುವ ನೌಕರನು ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕು, ಜೇಬು ತಡವಿಸಿಕೊಳ್ಳಬೇಕು. ಲಕ್ಷಗಟ್ಟಲೆ ಬೆಲೆಯ ಮಾಲು ಇರುವಲ್ಲಿ ಕಾವಲು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಬಸವಣ್ಣನವರೂ ಭಂಡಾರವನ್ನು ತೆರೆದು ತೋರಿಸಿದರಲ್ಲವೆ? ಆದರೆ ಅವರದು ಒಮ್ಮೆ, ದೂರು ಬಂದಾಗ. ಇವರದು ದಿನವೂ, ದೂರಿಲ್ಲದೆ. ಅಮೆರಿಕದ ನೆವಾಡಾ ಪ್ರಾಂತದಲ್ಲಿ ಅಮೆಜಾನ್ ಕಂಪನಿಯ ಗೋದಾಮುಗಳಲ್ಲಿ ಗುತ್ತಿಗೆಯ ಸಂಸ್ಥೆಯೊಂದರ ಮೂಲಕ ದುಡಿಯುತ್ತಿದ್ದವರು, ಈ ತಪಾಸಣೆಯ ಸಾಲಿನಲ್ಲಿ ದಿನಕ್ಕೆ ಸುಮಾರು ೨೫ ನಿಮಿಷ ಕಾಯಬೇಕಾಗುತ್ತದೆ, ಆ ಹೊತ್ತಿಗೂ ಕೂಲಿ ಕೊಡಿಸಿರೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೧೪ರ ಡಿಸೆಂಬರಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರದ ಕಾಯಿದೆಯ ಮೇರೆಗೆ ಆ ಹೊತ್ತಿಗೆ ಕೂಲಿ ಸಲ್ಲದೆಂದು ತೀರ್ಪು ಕೊಟ್ಟಿತು. ಕಾಯಿದೆಯ ಲೆಕ್ಕ ಅದು. ತನ್ನ ಮಾಲಿನ ರಕ್ಷಣೆಗಾಗಿ ಇನ್ನೊಬ್ಬನ ಆಯುಷ್ಯದ ಅರ್ಧ ತಾಸನ್ನು ದಿನವೂ ಪುಕ್ಕಟೆಯಾಗಿ ತೆಗೆದುಕೊಳ್ಳುವುದು ಪರಧನವೋ ಅಲ್ಲವೋ ಎಂಬುದನ್ನು ಶರಣರ ತಕ್ಕಡಿಯಲ್ಲಿಟ್ಟು ತೂಗಿದರೆ ಬೇರೆಯೇ ಉತ್ತರ ಬರುತ್ತದೆ. ದಾರಿಯಲ್ಲಿ ಬಿದ್ದಿರುವ ಅನ್ಯರ ವಸ್ತುವನ್ನು ಮುಟ್ಟೆನೆಂಬ ಸತ್ಯಕ್ಕನ ವ್ರತವು ನೌಕರನಿಗೆ ಮಾತ್ರ ಹೇಳಿದ್ದಲ್ಲ. ಸತ್ಯಕ್ಕನು ಅಂಗಳ ಗುಡಿಸುವ ಕಾಯಕದವಳು. ಕೂಲಿಯವರ ಹೊತ್ತು ಕೂಡ ಒಂದು ವಸ್ತುವೆಂಬುದು ಅವಳಿಗೆ ಚೆನ್ನಾಗಿ ತಿಳಿದಿದ್ದೀತು.

ಹೊತ್ತಿನ ಮಾತು ಬಂದುದರಿಂದ ಈ ನಾಡಿನ ಕಾಯಿದೆಯನ್ನು ಸ್ವಲ್ಪ ನೋಡಬಹುದು. ೧೯೬೧ರಲ್ಲಿ ಆಗಿನ ಮೈಸೂರು ರಾಜ್ಯವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ದಿನಕ್ಕೆ ೯ ತಾಸು, ವಾರಕ್ಕೆ ೪೮ ತಾಸು ದುಡಿಮೆ. ಸತತವಾಗಿ ೫ ತಾಸಾದ ಮೇಲೆ ಒಂದು ತಾಸು ವಿಶ್ರಾಂತಿ. ವಾರಕ್ಕೊಂದು ಪೂರ್ಣ ದಿನದ ಬಿಡುವು. ಮೀರಿ ದುಡಿಸಿಕೊಂಡರೆ ಎರಡರಷ್ಟು ಕೂಲಿ, ಹೀಗೆ ಅದು ವಿಧಿಸಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ಹಗಲಿರುಳೂ ತೆರೆದಿರಬಹುದೆಂದು ೨೦೨೧ರ ಜನವರಿಯಲ್ಲಿ ಸರ್ಕಾರವು ಮೂರು ವರ್ಷದ ಮಟ್ಟಿಗೆ ಅನುಮತಿ ಕೊಟ್ಟಾಗಲೂ, ನೌಕರರಿಗೆ ಸರದಿಯ ಮೇಲೆ ವಾರದ ರಜೆ ಸಿಗಬೇಕೆಂಬ ಕಟ್ಟಳೆಯನ್ನು ಹಾಕಿತು. ಕಾಯಿದೆಯ ಅಕ್ಷರದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಕೇಳುವ ಬಾಯಲ್ಲಿ. ತಿಂಗಳ ಕೊನೆಗೆ ದಾಸ್ತಾನು ಎಣಿಸುವ ರಾತ್ರಿಯಂದು ಎಷ್ಟು ತಾಸು ದುಡಿದೆವೆಂದು ಬರೆದಿಡುವವನು ಸಾವಿರಕ್ಕೊಬ್ಬ. ಎಷ್ಟೋ ಕಡೆ ನೌಕರನ ಅಂಗಿಯ ಮೇಲಿರುವುದು ಕಂಪನಿಯ ಹೆಸರು, ಪಗಾರದ ಚೀಟಿಯ ಮೇಲಿರುವುದು ಗುತ್ತಿಗೆದಾರನ ಹೆಸರು. ದೂರನ್ನು ಯಾರ ಮುಂದೆ ಹೇಳಬೇಕೆಂಬುದೇ ಅವನಿಗೆ ತಿಳಿಯದು.

ಊರಿನಲ್ಲಿರುವ ತಾಯಿಗೆ ಇವಾವುವೂ ತಿಳಿಯವು. ಅವಳಿಗೆ ತಿಳಿಯುವುದು ಒಂದೇ, ಹಬ್ಬಕ್ಕೆ ಮಗ ಬರುವುದಿಲ್ಲ ಎಂಬುದು. “ದೀಪಾವಳಿಗಿ ಬರ್ತಿ ಏನಪಾ?” ಎಂದು ಅವಳು ಫೋನಿನಲ್ಲಿ ಕೇಳಿದರೆ, “ಇಲ್ಲಬೇ ಯವ್ವ, ಹಬ್ಬದಾಗೇ ಅಂಗಡ್ಯಾಗ ಗದ್ದಲ ಇರ್ತದ” ಎಂಬ ಉತ್ತರ ಬರುತ್ತದೆ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೂ ಬಿಡುವು ಸಿಗದು. ಆ ಶರಣರು ಹುಟ್ಟಿದ್ದು ಇಜೇರಿಯ ಸೀಮೆಯಲ್ಲಿಯೇ, ಜೇವರ್ಗಿ ನಾಡಿನ ಅರಳಗುಂಡಗಿಯಲ್ಲಿ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿರಿಸಿದ ಒಕ್ಕಲಿಗನಾಗಿ ಜನ ಅವರನ್ನು ನೆನೆಯುತ್ತಾರೆ. ಅವರು ೧೮೨೨ರಲ್ಲಿ ಲಿಂಗೈಕ್ಯರಾದರು. ಅವರ ಹೆಸರಿನ ದಾಸೋಹ ಇಂದಿಗೂ ನಡೆದಿದೆ. ಹೊಲದ ಒಡೆಯನು ಹೇಗಿರಬೇಕೆಂಬುದನ್ನು ಅರಿಯಲು ಆ ಸೀಮೆಯ ಜನರು ದೂರದ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ತೆನೆಯಲ್ಲಿ ಹಕ್ಕಿಗೂ ಪಾಲಿದೆ ಎಂದವನ ಹೊಲದಲ್ಲಿ ಕೊಯ್ಯುವವನ ಪಾಲು ಎಷ್ಟೆಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ದೊಡ್ಡ ವ್ಯಾಪಾರದಲ್ಲಿ ಇಂತಹ ಒಡೆತನವು ಸಾಧ್ಯವೇ ಇಲ್ಲವೆಂದು ವಾದಿಸುವವರಿದ್ದಾರೆ. ಲೋಕದ ಅನುಭವ ಹಾಗೆ ಹೇಳುವುದಿಲ್ಲ. ಲಂಡನ್ನಿನ ಜಾನ್ ಸ್ಪೆಡನ್ ಲೂಯಿಸ್ ಎಂಬ ವರ್ತಕನು ತನ್ನ ತಂದೆಯ ಅಂಗಡಿಯ ಲೆಕ್ಕಪತ್ರಗಳನ್ನು ನೋಡುತ್ತಿರುವಾಗ, ತಾನು, ತನ್ನ ತಂದೆ ಮತ್ತು ತಮ್ಮ ಈ ಮೂವರಿಗೆ ಸಲ್ಲುವ ಲಾಭವು ನೂರಾರು ನೌಕರರೆಲ್ಲರ ಒಟ್ಟು ಸಂಬಳಕ್ಕಿಂತ ಹೆಚ್ಚಾಗಿರುವುದನ್ನು ಕಂಡನು. ಕಂಡು ಸುಮ್ಮನಿರಲಾಗಲಿಲ್ಲ. ೧೯೨೯ರಲ್ಲಿ ಆ ವ್ಯಾಪಾರವನ್ನು ನೌಕರರ ಹಿತಕ್ಕಾಗಿ ಒಂದು ವಿಶ್ವಸ್ತ ಮಂಡಲಿಗೆ ಒಪ್ಪಿಸುವ ಪತ್ರವನ್ನು ಮಾಡಿದನು. ಅಲ್ಲಿ ದುಡಿಯುವವರಿಗೆ ಪಾಲುದಾರರೆಂದೇ ಹೆಸರು. ಲಾಭ ಬಂದ ವರ್ಷ ಅವರಿಗೂ ಪಾಲು. ನಷ್ಟದ ವರ್ಷಗಳಲ್ಲಿ ಆ ಪಾಲು ನಿಂತದ್ದೂ ಉಂಟು. ಹಾಗೆ ನಿಂತಾಗ ಕಾರಣವನ್ನು ಅವರ ಮುಂದೆ ಹೇಳಲಾಯಿತು. ಅಮೆರಿಕದಲ್ಲಿ ೧೯೬೨ರಲ್ಲಿ ವಾಲ್‌ಮಾರ್ಟ್ ಅಂಗಡಿಯನ್ನು ತೆರೆದ ಸ್ಯಾಮ್ ವಾಲ್ಟನ್ನನ ಕಥೆ ಬೇರೆ ತೆರನಾದುದು. ಇಂದು ಜಗತ್ತಿನಾದ್ಯಂತ ಸುಮಾರು ೨೧ ಲಕ್ಷ ಜನ ದುಡಿಯುವ ಕಂಪನಿ ಅದು. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಹೆಚ್ಚಿನ ಪಾಲನ್ನೂ ೨೦೧೮ರಲ್ಲಿ ಕೊಂಡುಕೊಂಡಿತು. ಆರಂಭದಲ್ಲಿ ಮೇಲಧಿಕಾರಿಗಳಿಗೆ ಮಾತ್ರ ಲಾಭದ ಪಾಲು ಕೊಟ್ಟು, ತಾಸಿನ ಲೆಕ್ಕದಲ್ಲಿ ದುಡಿಯುವವರನ್ನು ಹೊರಗಿಟ್ಟದ್ದೇ ತನ್ನ ವ್ಯಾಪಾರ ಜೀವನದ ಬಲುದೊಡ್ಡ ಪಶ್ಚಾತ್ತಾಪವೆಂದು ವಾಲ್ಟನ್ನನು ಮುಪ್ಪಿನಲ್ಲಿ ಬರೆದಿಟ್ಟನು. ೧೯೭೧ರಲ್ಲಿ ಅವರನ್ನೂ ಒಳಗೊಂಡನಾದರೂ, ಅಲ್ಪ ಕೂಲಿಯ ದೂರು ಆ ಕಂಪನಿಯ ಬೆನ್ನು ಬಿಡಲಿಲ್ಲ. ನೌಕರನಿಗೆ ಸಹಚರನೆಂಬ ಸವಿಯಾದ ಹೆಸರನ್ನಿಟ್ಟ ಮಾತ್ರಕ್ಕೆ ಅವನು ಸಹಚರನಾಗಿಬಿಡುವುದಿಲ್ಲ. ಹೆಸರಿನಿಂದಲೇ ಎಲ್ಲವೂ ಆಗುವಂತಿದ್ದರೆ, ಕೊರಳಲ್ಲಿ ಲಿಂಗ ಕಟ್ಟಿದವರೆಲ್ಲ ಶರಣರಾಗಿರುತ್ತಿದ್ದರು.

ಲಾಭದಲ್ಲಿ ಪಾಲಿಲ್ಲದ ನೌಕರನಿಗೆ ನಷ್ಟದಲ್ಲಿ ಮಾತ್ರ ಪಾಲು ತಪ್ಪದು. ೨೦೦೧ರಲ್ಲಿ ತೊಡಗಿ, ಬೆಂಗಳೂರಿನಲ್ಲಿಯೂ ಮೊದಮೊದಲೇ ಬಾಗಿಲು ತೆರೆದು, ದೇಶದ ತುಂಬ ಹಬ್ಬಿದ್ದ ಬಿಗ್ ಬಜಾರ್ ಅಂಗಡಿಗಳ ಕಂಪನಿಯು ಸಾಲದ ಹೊರೆಯಿಂದ ಕುಸಿಯಿತು. ೨೦೨೨ರ ಮೊದಲ ತಿಂಗಳುಗಳಲ್ಲಿ ಎಷ್ಟೋ ಮಳಿಗೆಗಳು ರಿಲಯನ್ಸ್ ಕಂಪನಿಯ ವಶಕ್ಕೆ ಹೋಗಿ, ಕೆಲವು ಸ್ಮಾರ್ಟ್ ಬಜಾರ್ ಎಂಬ ಹೊಸ ಹೆಸರಿನಲ್ಲಿ ತೆರೆದವು. ಅದೇ ವರ್ಷದ ಜುಲೈಯ ಹೊತ್ತಿಗೆ ಹಳೆಯ ಕಂಪನಿಯು ದಿವಾಳಿತನದ ವಿಚಾರಣೆಗೆ ಒಳಗಾಯಿತು. ಸಾಲ ಮಾಡಿದವರು ಯಾರೋ, ಕೊಟ್ಟವರು ಯಾರೋ. ಹತ್ತು ಹದಿನೈದು ವರ್ಷ ಅದೇ ಕಪಾಟುಗಳ ನಡುವೆ ನಿಂತವರು ಮಾತ್ರ, ನಾಳೆ ಯಾವ ಬಣ್ಣದ ಅಂಗಿ ತೊಡಬೇಕು, ಇಲ್ಲವೆ ಯಾವ ಬಾಗಿಲು ತಟ್ಟಬೇಕು ಎಂದು ಕಾದು ಕುಳಿತರು. ಅಂದು ಅವರಿಗೆ ಕೂರುವುದಕ್ಕೆ ಬೇಕಾದಷ್ಟು ಬಿಡುವಿತ್ತು.

ದೂರದ ಕಂಪನಿಗಳನ್ನು ಖಂಡಿಸುವುದು ಸುಲಭ. ವೀರಶೈವ ಸಮಾಜದಲ್ಲಿ ವ್ಯಾಪಾರವನ್ನೇ ಕಸುಬಾಗಿ ಉಳ್ಳವರು ಬಹಳ ಮಂದಿ ಇದ್ದಾರೆ. ಬಟ್ಟೆ, ಕಿರಾಣಿ, ಬಂಗಾರ, ದಲಾಲಿಯ ಅಂಗಡಿಗಳಲ್ಲಿ ಬೆಳಗ್ಗೆ ಲಿಂಗಪೂಜೆ ಮುಗಿಸಿ ಗಾದಿಯ ಮೇಲೆ ಕೂರುವ ಸಾಹುಕಾರರ ಹಿಂದೆ ಬಸವಣ್ಣನವರ ಭಾವಚಿತ್ರವಿರುತ್ತದೆ, ಮುಂದೆ ನಾಲ್ಕಾರು ಹುಡುಗರು ನಿಂತಿರುತ್ತಾರೆ. ಆ ಹುಡುಗರಿಗೆ ವಾರದ ರಜೆ ಇದೆಯೆ? ಭವಿಷ್ಯನಿಧಿ ಇದೆಯೆ? ಮಾಲು ಕಡಿಮೆ ಬಂದಾಗ ವಿಚಾರಿಸದೆ ಅವರ ಪಗಾರದಲ್ಲಿ ಮುರಿದುಕೊಳ್ಳುವುದುಂಟೆ? ನೌಕರನ ಮಾತನ್ನು ಕೇಳದೆ ಹಾಗೆ ಮುರಿದುಕೊಳ್ಳಕೂಡದೆಂದು ೧೯೩೬ರ ವೇತನ ಪಾವತಿಯ ಕಾಯಿದೆಯೇ ಹೇಳಿತ್ತು. ದೊಡ್ಡ ಕಂಪನಿಯಲ್ಲಿ ಕಾಗದದ ಮೇಲಾದರೂ ಇರುವ ಸೌಕರ್ಯವು ಭಕ್ತರ ಅಂಗಡಿಯಲ್ಲಿ ಬಾಯಿಮಾತಿನಲ್ಲಿಯೂ ಇಲ್ಲದಿರುವುದುಂಟು. ಮಠಮಾನ್ಯಗಳು ನಡೆಸುವ ಶಾಲೆ, ಪ್ರಸಾದನಿಲಯ, ಆಸ್ಪತ್ರೆಗಳ ಆಡಳಿತದವರೂ ಈ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳುವುದು ಒಳಿತು.

ಇನ್ನು ಗಿರಾಕಿ. ಅವನೂ ಈ ವ್ಯವಹಾರದಲ್ಲಿ ಮೂರನೆಯವನಲ್ಲ. ಬಿಲ್ಲಿನ ಸಾಲು ನಿಧಾನವಾಯಿತೆಂದು ಅವನು ಸಿಡಿಮಿಡಿಗೊಳ್ಳುವುದು ಸಾಲನ್ನು ನಿಧಾನ ಮಾಡಿದವರ ಮೇಲಲ್ಲ. ನಾಲ್ಕು ಗಲ್ಲೆಯ ಕೆಲಸವನ್ನು ಇಬ್ಬರಿಗೆ ಹಚ್ಚಿದವರು ಅಲ್ಲಿ ಇರುವುದೇ ಇಲ್ಲ. ಬೈಗುಳ ಬೀಳುವುದು ಕೈಗೆ ಸಿಕ್ಕವಳ ಮೇಲೆ. ಅವಳು ಬೈಗುಳಕ್ಕೂ ನಗಬೇಕು. ಮೃದುವಚನವನ್ನು ತಪಸ್ಸಿಗೆ ಸಮನೆಂದು ಅಣ್ಣನವರು ಕೊಂಡಾಡಿದ್ದು, ಒಬ್ಬಳಿಂದ ಮಾತ್ರ ನಗೆಯನ್ನು ವಸೂಲು ಮಾಡುವುದಕ್ಕಲ್ಲ. ಒಳಗಿನ ನೋವನ್ನು ಒತ್ತಿಟ್ಟು ಹೊರಗೆ ನಗುವುದನ್ನೇ ದಿನವಿಡೀ ಮಾಡಬೇಕಾದವರಿಗೆ, ಅಂತರಂಗ ಬಹಿರಂಗ ಒಂದಾಗಿರಬೇಕೆಂಬ ಬೋಧೆಯನ್ನು ಯಾವ ಮುಖದಿಂದ ಮಾಡುವುದು? ಆ ಬೋಧೆಯನ್ನು ಮೊದಲು ಗಿರಾಕಿಗೆ ಮಾಡಬೇಕು.

ಇಷ್ಟೆಲ್ಲ ಇದ್ದರೂ ಇಜೇರಿಯ ಹುಡುಗ ಹೋಗಿಯೇ ತೀರುತ್ತಾನೆ, ಹೋಗಬೇಕಾಗಿದೆ. ಅಲ್ಲಿ ಅವನ ತೂಕ ಸರಿಯಾಗಿರಲಿ, ಲೆಕ್ಕ ಶುದ್ಧವಾಗಿರಲಿ, ಹಳೆಯ ಮಾಲನ್ನು ಹೊಸದೆಂದು ಕಟ್ಟದಿರಲಿ. ಅದು ಅವನ ಪಾಲಿನ ಕಾಯಕ. ಅದನ್ನು ತಂದೆ ತಾಯಿಗಳು ಹೇಳಿಯೇ ಕಳಿಸುತ್ತಾರೆ. ಕೆಲಸ ಕೊಡಿಸುವವನು ಊರಿಗೆ ಬಂದಾಗ ಅವನನ್ನು ಕೇಳಬೇಕಾದುದನ್ನು ಮಾತ್ರ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ನೇಮಕದ ಪತ್ರ ಕೊಡುತ್ತೀರಾ, ಅದರ ಮೇಲೆ ಕಂಪನಿಯ ಹೆಸರಿರುತ್ತದೆಯೋ ಗುತ್ತಿಗೆದಾರನದೋ, ಭವಿಷ್ಯನಿಧಿಯ ನಂಬರು ಯಾವಾಗ ಬರುತ್ತದೆ, ವಾರದ ರಜೆ ಯಾವ ದಿನ, ಹೆಚ್ಚಿನ ತಾಸಿಗೆ ಕೂಲಿ ಹೇಗೆ, ಹೆಣ್ಣುಮಗಳಾದರೆ ರಾತ್ರಿಯ ಪಾಳಿ ಮುಗಿದ ಮೇಲೆ ಕೋಣೆಗೆ ಮುಟ್ಟಿಸುವವರು ಯಾರು, ಕೂರುವುದಕ್ಕೆ ಜಾಗವಿದೆಯೆ? ಇವನ್ನು ಕೇಳುವುದು ಮರ್ಯಾದೆಗೆ ಕುಂದಲ್ಲ. ಪತ್ರವು ಇಂಗ್ಲಿಷಿನಲ್ಲಿದ್ದರೆ ಊರಿನ ಶಾಲೆಯ ಮಾಸ್ತರರಿಂದ ಓದಿಸಿಕೊಂಡು, ಅದರ ಒಂದು ಪ್ರತಿಯನ್ನು ಮನೆಯಲ್ಲಿರಿಸಿಕೊಂಡ ಮೇಲೆಯೇ ಮಗನನ್ನು ಬಸ್ಸು ಹತ್ತಿಸಬೇಕು.